ಮಾಳಿಗೆ ಮೇಲಿನ ಆಂಟೆನಾಗೆ ಸುರಕ್ಷಿತ ಅರ್ಥಿಂಗ್: ಮಣ್ಣಿನಿಂದ ಕಂಬದವರೆಗೆ

ಆಂಟೆನಾ ಕಂಬಕ್ಕೆ ಒಂದು ತಂತಿ ಕಟ್ಟಿ, ಹಿತ್ತಲಿಗೆ ಇಳಿಸಿ, ಅಲ್ಲೊಂದು ರಾಡ್ ಹೊಡೆದು ಬಿಗಿದರೆ ಅರ್ಥಿಂಗ್ ಮುಗಿಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಅರ್ಧ ಕೆಲಸ ಅಷ್ಟೇ. ಆ ರಾಡ್‌ಗೂ ಮನೆಯ ಕರೆಂಟಿನ ಅರ್ಥಿಂಗ್‌ಗೂ ನೇರ ಸಂಪರ್ಕ ಇಲ್ಲದಿದ್ದರೆ, ಹತ್ತಿರ ಸಿಡಿಲು ಬಿದ್ದ ದಿನ ಎರಡರ ನಡುವಿನ ಕರೆಂಟು ನಿಮ್ಮ ಟಿವಿಯ ಮೂಲಕವೇ ಹಾದುಹೋಗುತ್ತದೆ. ಒಳ್ಳೆಯ ಉದ್ದೇಶದಿಂದ ಹೊಡೆದ ರಾಡೇ ಹಾನಿಗೆ ಕಾರಣವಾಗುತ್ತದೆ.

ಹಾಗಾಗಿ ಆ ಉಳಿದ ಅರ್ಧ ಕೆಲಸಕ್ಕೇ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ. ಸ್ಪ್ಯಾನರ್, ಸುತ್ತಿಗೆ, ಮಲ್ಟಿಮೀಟರ್ ಬಳಸಲು ಬರುವವರು ಇದರಲ್ಲಿ ಬಹುಪಾಲು ತಾವೇ ಮಾಡಿಕೊಳ್ಳಬಹುದು. ಮೀಟರ್ ಬೋರ್ಡಿನ ಒಳಗಿನ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಅರ್ಥಿಂಗ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಅರ್ಥಿಂಗ್ ಮಾಡಿದರೆ ಸಿಡಿಲು ಬೀಳುವುದಿಲ್ಲ ಎಂಬ ನಂಬಿಕೆ ತಪ್ಪು. ಅರ್ಥಿಂಗ್ ಮಾಡಿದರೆ ಸಿಡಿಲನ್ನು ಕರೆದಂತೆ ಎಂಬ ಭಯವೂ ತಪ್ಪು. ಸಿಡಿಲು ಮೋಡದಿಂದ ಕಿಲೋಮೀಟರುಗಟ್ಟಲೆ ಇಳಿದು ಬರುತ್ತದೆ. ಆ ಜಾಗದಲ್ಲಿ ಎತ್ತರವಾಗಿ ನಿಂತಿರುವುದು ಯಾವುದು ಎಂಬುದು ಅದಕ್ಕೆ ಮುಖ್ಯ. ನಿಮ್ಮ ಕಂಬದ ಬುಡದಲ್ಲಿ ತಾಮ್ರದ ತಂತಿ ಇದೆಯೋ ಇಲ್ಲವೋ ಎಂಬುದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ.

ಹಾಗಾದರೆ ಉಪಯೋಗ ಏನು? ದಿನನಿತ್ಯದ ಕೆಲಸ ಒಂದಿದೆ. ಒಣ ಗಾಳಿ, ಧೂಳು, ಮಳೆಹನಿ ಇವೆಲ್ಲ ಸ್ವಲ್ಪ ಸ್ವಲ್ಪವೇ ವಿದ್ಯುದಾವೇಶವನ್ನು ಆಂಟೆನಾಗೆ ತಂದು ಸೇರಿಸುತ್ತವೆ. ಕಂಬಕ್ಕೆ ನೆಲದ ಸಂಪರ್ಕ ಇಲ್ಲದಿದ್ದರೆ ಅದು ಕೂಡುತ್ತಾ ಹೋಗಿ, ಒಂದು ದಿನ ಬೂಸ್ಟರ್ (ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ) ಅಥವಾ ಟಿವಿಯೊಳಗಿನ ಟ್ಯೂನರ್ ಮೂಲಕ ಹಾರುತ್ತದೆ. ಅರ್ಥ್ ತಂತಿ ಇದ್ದರೆ ಕೂಡುವ ಮೊದಲೇ ಇಳಿದುಹೋಗುತ್ತದೆ.

ಎರಡನೆಯದು, ಹತ್ತಿರದ ಸಿಡಿಲು. ಅದು ನಿಮ್ಮ ಮನೆಗೇ ಬೀಳಬೇಕಿಲ್ಲ. ಪಕ್ಕದ ಮರಕ್ಕೆ ಬಿದ್ದರೂ ಉದ್ದದ ಕೇಬಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಮನೆಗಳಲ್ಲಿ ಉಪಕರಣಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ. ಚೆನ್ನಾಗಿ ಮಾಡಿದ ಅರ್ಥಿಂಗ್ ಇಂಥ ಹೊಡೆತವನ್ನು ಬಹುಮಟ್ಟಿಗೆ ತಡೆಯುತ್ತದೆ.

ಮೂರನೆಯದು, ನೇರ ಸಿಡಿಲು. ಸಾಮಾನ್ಯ ಸಿಡಿಲಿನ ಗರಿಷ್ಠ ಕರೆಂಟು 30,000 ಆಂಪಿಯರ್ ಆಸುಪಾಸು ಇರುತ್ತದೆ. ಇದಕ್ಕೆ ಸಿಕ್ಕ ಆಂಟೆನಾ ಮತ್ತು ಟಿವಿ ಉಳಿಯುತ್ತವೆ ಅಂತ ಯಾರೂ ಮಾತು ಕೊಡಲಾರರು. ಆದರೆ ಆ ಕರೆಂಟಿನ ಬಹುಪಾಲು ಮನೆಯ ಹೊರಗೇ ನೆಲ ಸೇರಿದರೆ ಒಳಗೆ ಬೆಂಕಿ ಹತ್ತುವ ಸಾಧ್ಯತೆ ಕಡಿಮೆಯಾಗುತ್ತದೆ. ಮನೆಯಲ್ಲಿರುವವರ ಜೀವ ಮುಖ್ಯ, ಅಲ್ವಾ? ಟಿವಿ ಮತ್ತೆ ತರಬಹುದು.

ಇನ್ನೊಂದು ಅಪಾಯವನ್ನು ಜನ ಮರೆಯುತ್ತಾರೆ. ಬೂಸ್ಟರ್‌ನ ಅಡಾಪ್ಟರ್ ಕೆಟ್ಟು ಕೇಬಲ್‌ಗೆ ಮನೆಯ ಕರೆಂಟು ಬರಬಹುದು. ಗಾಳಿಗೆ ಹರಿದ ವೈರ್ ಕಂಬಕ್ಕೆ ತಾಗಬಹುದು. ಅರ್ಥ್ ಆಗದ ಕಂಬ ಆಗ ಸುಮ್ನೆ ಲೈವ್ ಆಗಿ ನಿಂತಿರುತ್ತದೆ, ಬಟ್ಟೆ ಒಣಗಿಸಲು ಹೋದವರು ಮುಟ್ಟುವವರೆಗೆ.

ಮನೆಗೆಲ್ಲ ಒಂದೇ ಅರ್ಥ್: ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ

ಭೂಮಿ ಎಂದರೆ ಯಾವಾಗಲೂ ಸೊನ್ನೆ ವೋಲ್ಟ್ ಅಂತ ನಾವು ಓದಿದ್ದೇವೆ. ಸಿಡಿಲಿನ ಕ್ಷಣದಲ್ಲಿ ಅದು ನಿಜವಲ್ಲ.

ಲೆಕ್ಕ ಹಾಕಿ ನೋಡಿ. ನಿಮ್ಮ ರಾಡ್‌ನ ಪ್ರತಿರೋಧ 10 ಓಮ್ ಇದೆ ಅಂದುಕೊಳ್ಳಿ. ಅದು ಒಳ್ಳೆಯ ರಾಡೇ. ಸಿಡಿಲಿನ ಒಂದು ಪಾಲು, ಅಂದರೆ 10,000 ಆಂಪಿಯರ್, ಅದರಲ್ಲಿ ಇಳಿಯಿತು. ಓಮ್ ನಿಯಮದ ಪ್ರಕಾರ ಆ ರಾಡ್‌ನ ವೋಲ್ಟೇಜ್ 1,00,000 ವೋಲ್ಟ್‌ಗೆ ಏರುತ್ತದೆ. ಅದೇ ಹೊತ್ತಿನಲ್ಲಿ ಮನೆಯ ಇನ್ನೊಂದು ಬದಿಯಲ್ಲಿರುವ ಕರೆಂಟಿನ ಅರ್ಥ್ ರಾಡ್ ಹೆಚ್ಚುಕಡಿಮೆ ಸೊನ್ನೆಯಲ್ಲೇ ಇರುತ್ತದೆ. ಈ ಎರಡನ್ನೂ ಮುಟ್ಟಿಕೊಂಡಿರುವ ವಸ್ತು ಮನೆಯಲ್ಲಿ ಯಾವುದು? ಟಿವಿ. ಅದರ ಒಂದು ಕಡೆ ಆಂಟೆನಾ ಕೇಬಲ್, ಇನ್ನೊಂದು ಕಡೆ ಕರೆಂಟಿನ ಪ್ಲಗ್.

ಎರಡೂ ರಾಡ್‌ಗಳನ್ನು ದಪ್ಪ ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿದರೆ ಏನಾಗುತ್ತದೆ? ವೋಲ್ಟೇಜ್ ಆಗಲೂ ಏರುತ್ತದೆ. ಆದರೆ ಕಂಬ, ಕೇಬಲ್, ಪ್ಲಗ್ಗಿನ ಅರ್ಥ್ ಪಿನ್ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಏರುತ್ತವೆ. ಒಂದೇ ದೋಣಿಯಲ್ಲಿ ಕೂತವರು ಅಲೆ ಬಂದಾಗ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಹಾಗೆ. ವಸ್ತುಗಳ ನಡುವೆ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಅವುಗಳ ನಡುವೆ ದೊಡ್ಡ ಕರೆಂಟೂ ಹರಿಯುವುದಿಲ್ಲ.

ಹಾಗಾಗಿ ರಾಡ್ ಎಷ್ಟು ಓಮ್ ಇದೆ ಎಂಬುದಕ್ಕಿಂತ, ಎಲ್ಲವೂ ಒಂದೇ ಕಡೆ ಸೇರಿವೆಯೇ ಎಂಬುದು ಹೆಚ್ಚು ಮುಖ್ಯ. 2 ಓಮಿನ ಒಂಟಿ ರಾಡ್‌ಗಿಂತ, ಮನೆಯ ಅರ್ಥ್‌ಗೆ ಸೇರಿದ 20 ಓಮಿನ ರಾಡ್ ನಿಮ್ಮ ಟಿವಿಗೆ ಮೇಲು.

ಹಂತ 1: ಏರುವ ಮೊದಲು ಸುತ್ತಲೂ ನೋಡಿ

ಮೊದಲು ಕರೆಂಟಿನ ಲೈನ್ ನೋಡಿ. ಕಂಬ ಯಾವ ದಿಕ್ಕಿಗೆ ಉರುಳಿದರೂ ಅದರ ತುದಿಗೂ ಲೈನ್‌ಗೂ ನಡುವೆ ಕನಿಷ್ಠ 3 ಮೀಟರ್ ಉಳಿಯಬೇಕು. ಉಳಿಯದಿದ್ದರೆ ಆ ಜಾಗ ಬೇಡ. ಇದಕ್ಕೆ ರಿಯಾಯಿತಿಯೇ ಇಲ್ಲ. ಯಾವ ಅರ್ಥಿಂಗೂ ಲೈನ್‌ಗೆ ತಾಗಿದ ಕಂಬ ಹಿಡಿದವರನ್ನು ಕಾಪಾಡುತ್ತದೆ ಅಂತ ನಂಬಬೇಡಿ.

ಆಮೇಲೆ ಮನೆಯ ಅರ್ಥ್ ಎಲ್ಲಿದೆ ಅಂತ ಹುಡುಕಿ. ಮೀಟರ್ ಬೋರ್ಡಿನಿಂದ ಹೊರಟ ಹಸಿರು ಅಥವಾ ಹಸಿರು-ಹಳದಿ ತಂತಿ, ಅಥವಾ ಬರಿಯ ತಾಮ್ರದ ತಂತಿ, ಯಾವ ಗುಂಡಿಗೆ ಇಳಿಯುತ್ತದೆ ನೋಡಿ. ಸಾಕೆಟ್‌ನಲ್ಲಿ ಮೂರನೆಯ ತೂತು ಇದೆ ಎಂದ ಮಾತ್ರಕ್ಕೆ ಅದರ ಹಿಂದೆ ಅರ್ಥ್ ಇದೆ ಅಂತ ಅಲ್ಲ. ಹಳೆಯ ಮನೆಗಳಲ್ಲಿ ಆ ಪಿನ್ ಎಲ್ಲಿಗೂ ಸೇರಿರುವುದಿಲ್ಲ. ಮನೆಗೇ ಸರಿಯಾದ ಅರ್ಥ್ ಇಲ್ಲದಿದ್ದರೆ ಆಂಟೆನಾ ಕೆಲಸ ಅಲ್ಲಿಗೆ ನಿಲ್ಲಿಸಿ, ಮೊದಲು ಅದನ್ನು ಮಾಡಿಸಿ.

ನ್ಯೂಟ್ರಲ್ ತಂತಿಯನ್ನು (ಕರೆಂಟು ವಾಪಸು ಹೋಗುವ ತಂತಿ) ಅರ್ಥ್ ಅಂತ ಬಳಸುವ ಕೆಟ್ಟ ಚಾಳಿಯೂ ಇದೆ. ಖಂಡಿತ ಬೇಡ. ನ್ಯೂಟ್ರಲ್ ತಂತಿ ಎಲ್ಲೋ ಕಡಿದುಹೋದರೆ, ಮನೆಯಲ್ಲಿ ಉರಿಯುತ್ತಿರುವ ದೀಪದ ಮೂಲಕವೇ ಪೂರ್ತಿ ಕರೆಂಟು ನಿಮ್ಮ ಆಂಟೆನಾ ಕಂಬಕ್ಕೆ ಬರುತ್ತದೆ.

ಗ್ಯಾಸ್ ಪೈಪು ಅರ್ಥ್ ಅಲ್ಲ. ನೀರಿನ ಪೈಪನ್ನೂ ನಂಬಬೇಡಿ. ಹೊರಗೆ ಕಬ್ಬಿಣ ಕಂಡರೂ ನೆಲದೊಳಗೆ ಪ್ಲಾಸ್ಟಿಕ್ ಇರಬಹುದು.

ಹಂತ 2: ಕೇಬಲ್ ಎಲ್ಲಿಂದ ಒಳಗೆ ಬರಬೇಕು ಅಂತ ಮೊದಲೇ ತೀರ್ಮಾನಿಸಿ

ಎಲ್ಲಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಇಲ್ಲಿ. ಹೆಚ್ಚಿನವರು ಟಿವಿ ಇರುವ ಗೋಡೆಗೇ ತೂತು ಕೊರೆದು ಕೇಬಲ್ ಒಳಗೆ ತರುತ್ತಾರೆ. ಮೀಟರ್ ಬೋರ್ಡ್ ಮನೆಯ ಇನ್ನೊಂದು ತುದಿಯಲ್ಲಿರುತ್ತದೆ. ಆಮೇಲೆ ಎರಡನ್ನೂ ಸೇರಿಸಲು 20 ಮೀಟರ್ ತಂತಿ ಎಳೆಯಬೇಕು. ಅಷ್ಟು ಉದ್ದದ ತಂತಿ ಸಿಡಿಲಿನ ವೇಗಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾರಣವನ್ನು 5ನೇ ಹಂತದಲ್ಲಿ ಹೇಳುತ್ತೇನೆ.

ಅದಕ್ಕೆ ಆಂಟೆನಾ ಕೇಬಲನ್ನು ಹೊರಗಡೆಯಿಂದಲೇ ನೆಲದ ಹತ್ತಿರದವರೆಗೆ ಇಳಿಸಿ, ಮನೆಯ ಅರ್ಥ್ ಗುಂಡಿಯ ಪಕ್ಕ, ಮೀಟರ್ ಬೋರ್ಡಿನ ಸಮೀಪ ಒಳಗೆ ತನ್ನಿ. ಅಲ್ಲಿಂದ ಒಳಗಿನ ಗೋಡೆಗುಂಟ ಟಿವಿಗೆ ಎಳೆಯಿರಿ. ಕೇಬಲ್ ಸ್ವಲ್ಪ ಉದ್ದವಾಗುತ್ತದೆ, ಸಿಗ್ನಲ್ ಒಂಚೂರು ಕಡಿಮೆಯಾಗುತ್ತದೆ. ಆರ್‌ಜಿ-6 ಎಂಬ ಟಿವಿ ಕೇಬಲ್‌ನಲ್ಲಿ 10 ಮೀಟರ್ ಜಾಸ್ತಿಯಾದರೆ ಮಾಮೂಲಿ ಟಿವಿ ಸಿಗ್ನಲ್‌ಗೆ ಅದು ಲೆಕ್ಕಕ್ಕಿಲ್ಲ. ಸುರಕ್ಷತೆಯಲ್ಲಿ ಸಿಗುವ ಲಾಭ ದೊಡ್ಡದು.

ಬೇಕಾಗುವ ಸಾಮಾನು, ತಂತಿಯ ದಪ್ಪ

ಎಷ್ಟು ದಪ್ಪದ ತಂತಿ? ಆಂಟೆನಾಗಳ ಸುರಕ್ಷತೆಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60728-11 ಕಂಬದ ಅರ್ಥ್ ತಂತಿಗೆ ಕನಿಷ್ಠ 16 ಸ್ಕ್ವೇರ್ ಎಂ.ಎಂ. ತಾಮ್ರ ಕೇಳುತ್ತದೆ. ಎನ್‌ಇಸಿ ಎಂಬ ಅಮೆರಿಕದ ನಿಯಮಾವಳಿಯ 810ನೇ ವಿಭಾಗದಲ್ಲಿ ಕಂಬದ ತಂತಿಗೆ 10 ಗೇಜ್ ತಾಮ್ರ, ಅಂದರೆ ಸುಮಾರು 5.3 ಸ್ಕ್ವೇರ್ ಎಂ.ಎಂ. ಸಾಕು. ಆದರೆ ಎರಡು ರಾಡ್‌ಗಳನ್ನು ಸೇರಿಸುವ ತಂತಿ ಮಾತ್ರ 6 ಗೇಜ್, ಸುಮಾರು 13 ಸ್ಕ್ವೇರ್ ಎಂ.ಎಂ. ಇರಲೇಬೇಕು. ಗಮನಿಸಿದಿರಾ? ಸೇರಿಸುವ ತಂತಿಗೇ ಅಲ್ಲಿ ಜಾಸ್ತಿ ಮಹತ್ವ. ನಿಮ್ಮ ಊರಿನ ನಿಯಮ ಬೇರೆ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಎರಡಕ್ಕೂ 16 ಸ್ಕ್ವೇರ್ ಎಂ.ಎಂ. ತಾಮ್ರ ಹಾಕಿ ಎಂಬುದು ನನ್ನ ಸಲಹೆ. ಎಳೆಗಳು ತೀರಾ ಸಣ್ಣದಾಗಿರುವ ಮೆತ್ತನೆ ವೈರ್ ಬೇಡ. ಹೊರಗಿನ ತೇವಕ್ಕೆ ಆ ಎಳೆಗಳು ಬೇಗ ಕೊಳೆಯುತ್ತವೆ. ಹೆಣೆದ ತಾಮ್ರದ ಪಟ್ಟಿಗೂ ಇದೇ ಗತಿ.

ಇದರ ಜೊತೆಗೆ ತಾಮ್ರದ ಲೇಪ ಇರುವ ಅರ್ಥ್ ರಾಡ್, ಅದಕ್ಕೆ ಹೊಂದುವ ಹಿತ್ತಾಳೆ ಅಥವಾ ಕಂಚಿನ ಕ್ಲಾಂಪ್, ಕಂಬಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್, ಕೇಬಲ್‌ಗೆ ಗ್ರೌಂಡ್ ಬ್ಲಾಕ್ (ಕೇಬಲನ್ನು ಅರ್ಥ್‌ಗೆ ಸೇರಿಸುವ ಲೋಹದ ತುಂಡು), ಗ್ಯಾಸ್ ಟ್ಯೂಬ್ ಇರುವ ಸರ್ಜ್ ಅರೆಸ್ಟರ್ (ದಿಢೀರ್ ಏರುವ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಸಾಧನ), ನೀರು ತಡೆಯಲು ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಬೇಕು.

ಹಂತ 3: ರಾಡ್ ಇಳಿಸುವುದು

ಮನೆಯ ಅರ್ಥ್ ಗುಂಡಿ ಕಂಬದ ನೇರ ಕೆಳಗೆ ಅಥವಾ ತೀರಾ ಹತ್ತಿರದಲ್ಲಿದ್ದರೆ ಹೊಸ ರಾಡ್ ಅಗತ್ಯವಿಲ್ಲ. ತಂತಿಯನ್ನು ನೇರ ಅಲ್ಲಿಗೇ ತನ್ನಿ. ದೂರ ಇದ್ದರೆ ಮಾತ್ರ ಕಂಬದ ಕೆಳಗೆ ಒಂದು ರಾಡ್ ಹೊಡೆದು, ಅದನ್ನು ಮನೆಯ ಅರ್ಥ್‌ಗೆ ಸೇರಿಸಿ.

ರಾಡ್ ಕನಿಷ್ಠ 2.5 ಮೀಟರ್ ಉದ್ದ ಇರಲಿ. ಉದ್ದ ಮುಖ್ಯ, ದಪ್ಪ ಅಲ್ಲ. 100 ಓಮ್-ಮೀಟರ್ ಪ್ರತಿರೋಧದ ಸಾಧಾರಣ ಮಣ್ಣಿನಲ್ಲಿ 16 ಎಂ.ಎಂ. ದಪ್ಪದ, 2.4 ಮೀಟರ್ ಉದ್ದದ ರಾಡ್ ಸುಮಾರು 40 ಓಮ್ ಕೊಡುತ್ತದೆ. ಅದರ ದಪ್ಪವನ್ನು ಇಮ್ಮಡಿ ಮಾಡಿದರೆ ಪ್ರತಿರೋಧ ಶೇ. 11ರಷ್ಟು ಮಾತ್ರ ಇಳಿಯುತ್ತದೆ. ಉದ್ದ ಇಮ್ಮಡಿ ಮಾಡಿದರೆ ಶೇ. 40ಕ್ಕೂ ಹೆಚ್ಚು ಇಳಿಯುತ್ತದೆ. ಆಳದ ಮಣ್ಣು ಬೇಸಿಗೆಯಲ್ಲೂ ತೇವವಾಗಿರುತ್ತದೆ, ಆದ್ದರಿಂದ ನಿಜವಾದ ಲಾಭ ಇನ್ನೂ ಜಾಸ್ತಿ.

ಕೆಳಗೆ ಬಂಡೆ ಸಿಕ್ಕಿತೇ? ರಾಡನ್ನು ಕತ್ತರಿಸಿ ಮುಗಿಸಬೇಡಿ. ಓರೆಯಾಗಿ ಹೊಡೆದು ನೋಡಿ. ಅದೂ ಆಗದಿದ್ದರೆ ಅರ್ಧ ಮೀಟರ್ ಆಳದ ಕಾಲುವೆ ತೋಡಿ, ಅಡಿಪಾಯದಿಂದ 1 ಮೀಟರ್ ದೂರದಲ್ಲಿ ತಾಮ್ರದ ತಂತಿಯನ್ನು ಅಡ್ಡವಾಗಿ ಹೂಳಿ. ಐಇಸಿ ಪ್ರಕಾರ ತಲಾ 5 ಮೀಟರ್ ಉದ್ದದ ಎರಡು ಅಡ್ಡ ತಂತಿಗಳು ಒಂದು ನಿಂತ ರಾಡ್‌ಗೆ ಸಮ. ಎರಡು ರಾಡ್ ಹೊಡೆಯುವುದಾದರೆ ಅವುಗಳ ನಡುವೆ ಒಂದು ರಾಡ್‌ನ ಉದ್ದದಷ್ಟಾದರೂ ಅಂತರ ಬಿಡಿ. ಒತ್ತೊತ್ತಾಗಿ ಹೊಡೆದ ರಾಡ್‌ಗಳು ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಲಾಭ ಕಡಿಮೆ.

ಸುತ್ತಿಗೆ ಎತ್ತುವ ಮುಂಚೆ ಆ ಜಾಗದಲ್ಲಿ ಕರೆಂಟಿನ ಕೇಬಲ್, ನೀರು, ಗ್ಯಾಸ್ ಲೈನ್ ಹೂತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕನ್ನಡಕ ಹಾಕಿಕೊಳ್ಳಿ, ಲೋಹದ ಚೂರು ಕಣ್ಣಿಗೆ ಹಾರುತ್ತದೆ.

ಗುಂಡಿಗೆ ಉಪ್ಪು, ಇದ್ದಿಲು ತುಂಬುವ ಹಳೆಯ ಪದ್ಧತಿ ಪ್ರತಿರೋಧ ಇಳಿಸುವುದು ನಿಜ. ಆದರೆ ಉಪ್ಪು ಮಳೆಗೆ ಕರಗಿಹೋಗುತ್ತದೆ, ಇರುವಷ್ಟು ದಿನ ರಾಡನ್ನು ತಿನ್ನುತ್ತದೆ. ಬೆಂಟೊನೈಟ್ ಜೇಡಿ ಸಿಕ್ಕರೆ ಅದನ್ನು ಬಳಸಿ. ತೇವ ಹಿಡಿದಿಟ್ಟುಕೊಳ್ಳುತ್ತದೆ, ಲೋಹಕ್ಕೆ ಅಷ್ಟು ತೊಂದರೆ ಇಲ್ಲ.

ಹಂತ 4: ರಾಡನ್ನು ಮನೆಯ ಅರ್ಥ್‌ಗೆ ಸೇರಿಸುವುದು

ಹೊಸ ರಾಡ್‌ನಿಂದ ಮನೆಯ ಅರ್ಥ್‌ವರೆಗೆ 16 ಸ್ಕ್ವೇರ್ ಎಂ.ಎಂ. ಬರಿಯ ತಾಮ್ರದ ತಂತಿಯನ್ನು ಮನೆಯ ಹೊರಗಡೆ, ಅರ್ಧ ಮೀಟರ್ ಆಳದಲ್ಲಿ ಹೂಳಿ. ಮನೆಯ ಒಳಗಿಂದ ಎಳೆಯಬೇಡಿ. ಸಿಡಿಲಿನ ಕರೆಂಟನ್ನು ನಾವಾಗಿ ಒಳಗೆ ಕರೆದಂತಾಗುತ್ತದೆ. ಹೂತ ಬರಿಯ ತಂತಿಯಿಂದ ಇನ್ನೊಂದು ಲಾಭ ಇದೆ. ಅದರ ಉದ್ದಕ್ಕೂ ಮಣ್ಣಿನ ಸಂಪರ್ಕ ಸಿಗುವುದರಿಂದ ಅದೇ ಒಂದು ಅಡ್ಡ ರಾಡ್ ತರಹ ಕೆಲಸ ಮಾಡುತ್ತದೆ.

ಕೂಡಿಕೆಗಳಿಗೆ ಬೆಸುಗೆ ಒಂದನ್ನೇ ನೆಚ್ಚಬೇಡಿ. ಸೀಸ, ತವರದ ಬೆಸುಗೆ ಸಿಡಿಲಿನ ಬಿಸಿಗೆ ಕ್ಷಣದಲ್ಲಿ ಕರಗುತ್ತದೆ. ಬೋಲ್ಟ್ ಬಿಗಿಯುವ ಕ್ಲಾಂಪ್, ಅದೂ ಮಣ್ಣಿನಲ್ಲಿ ಹೂಳಲು ಯೋಗ್ಯವಾದದ್ದು, ಸರಿ.

ಮೀಟರ್ ಬೋರ್ಡ್ ಬದಿಯ ಕೂಡಿಕೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಆಗಲಿ. ಇದಕ್ಕೆ ಕಾರಣ ಇದೆ. ಕೆಲವು ಕಡೆ ವಿದ್ಯುತ್ ಸರಬರಾಜಿನವರು ನ್ಯೂಟ್ರಲ್ ಮತ್ತು ಅರ್ಥ್ ಅನ್ನು ಮನೆ ಬಾಗಿಲಿನಲ್ಲೇ ಒಂದುಗೂಡಿಸಿ ಕೊಟ್ಟಿರುತ್ತಾರೆ. ಅಂಥಲ್ಲಿ ಹೊರಗಿನ ನ್ಯೂಟ್ರಲ್ ಕಡಿದರೆ ಮನೆಯ ಕರೆಂಟೆಲ್ಲ ನಿಮ್ಮ ಅರ್ಥ್ ತಂತಿಯಲ್ಲಿ ವಾಪಸು ಹರಿಯಲು ನೋಡುತ್ತದೆ. ತಂತಿ ಸಣ್ಣದಿದ್ದರೆ ಕಾದು ಕೆಂಪಾಗುತ್ತದೆ. ನಿಮ್ಮ ಮನೆಯದು ಯಾವ ಪದ್ಧತಿ, ಎಷ್ಟು ದಪ್ಪ ಬೇಕು ಎಂಬುದನ್ನು ನೋಡಿ ಹೇಳಬೇಕಾದವರು ಅವರು.

ನೆಲದ ಕೆಲಸವನ್ನು ಮೊದಲು ಮುಗಿಸಿ ಅಂತ ಹೇಳುತ್ತಿರುವುದು ಬೇಕೆಂದೇ. ಕೆಳಗಿನ ತುದಿ ಸಿದ್ಧವಿದ್ದರೆ, ಮೇಲೆ ಕಂಬ ನಿಲ್ಲಿಸಿದ ಹೊತ್ತಿಗೇ ಅದು ಅರ್ಥ್ ಆಗುತ್ತದೆ.

ಹಂತ 5: ಕಂಬದಿಂದ ತಂತಿ ಇಳಿಸುವುದು

ಮೋಡ ಕಟ್ಟಿದ ದಿನ ಮಾಳಿಗೆ ಹತ್ತಬೇಡಿ. ಗುಡುಗು ಕಿವಿಗೆ ಬಿದ್ದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ ಅಂತಲೇ ಅರ್ಥ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಒಳಗೇ ಇರಿ. ಒಬ್ಬರೇ ಹತ್ತಬೇಡಿ, ಕೆಳಗೆ ಒಬ್ಬರು ಇರಲಿ.

ಕಂಬದ ಬುಡದಲ್ಲಿ ಕ್ಲಾಂಪ್ ಕೂರುವ ಜಾಗದ ಬಣ್ಣ, ತುಕ್ಕು ಎಲ್ಲ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿ. ಬಣ್ಣದ ಮೇಲೆ ಬಿಗಿದ ಕ್ಲಾಂಪ್ ನೋಡಲು ಗಟ್ಟಿಯಾಗಿರುತ್ತದೆ, ಸಂಪರ್ಕ ಇರುವುದಿಲ್ಲ. ಕಲಾಯಿ ಹಾಕಿದ ಕಬ್ಬಿಣದ ಪೈಪಿಗೆ ಅಥವಾ ಅಲ್ಯೂಮಿನಿಯಂಗೆ ತಾಮ್ರವನ್ನು ನೇರವಾಗಿ ತಾಗಿಸಬೇಡಿ. ಮಳೆ ನೀರು ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಂತೆ ಕ್ರಿಯೆ ನಡೆದು ಸತು, ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್, ತವರದ ಲೇಪ ಇರುವ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಬಳೆ) ಹಾಕಿ. ಬಿಗಿದ ಮೇಲೆ ತುಕ್ಕು ತಡೆಯುವ ಪೇಸ್ಟ್ ಹಚ್ಚಿ. ಕಂಬ ಎರಡು ತುಂಡುಗಳ ಜೋಡಣೆಯಾಗಿದ್ದರೆ ಆ ಜೋಡಣೆಗೂ ಒಂದು ತುಂಡು ತಂತಿ ಹಾಕಿ ದಾಟಿಸಿ. ಕಂಬ ಮರದ್ದೋ ಫೈಬರ್‌ದೋ ಆಗಿದ್ದರೆ ತಂತಿಯನ್ನು ಆಂಟೆನಾದ ಲೋಹದ ನಡುಕಡ್ಡಿಗೇ ಬಿಗಿಯಬೇಕು. ಹಾಗೆ ಮಾಡಿದರೆ ಸಿಗ್ನಲ್ ಹೋಗುತ್ತದೆ ಅಂತ ಹೆದರಬೇಡಿ. ಯಾಗಿ ಮಾದರಿಯ ಆಂಟೆನಾದಲ್ಲಿ ಸಿಗ್ನಲ್ ಹಿಡಿಯುವುದು ಅಡ್ಡ ಕಡ್ಡಿಗಳು. ನಡುಕಡ್ಡಿ ಅರ್ಥ್ ಆಗಿದ್ದರೆ ಅವಕ್ಕೆ ತೊಂದರೆ ಇಲ್ಲ.

ತಂತಿ ಸಾಧ್ಯವಾದಷ್ಟು ನೇರವಾಗಿ, ಗಿಡ್ಡವಾಗಿ ಕೆಳಗೆ ಇಳಿಯಬೇಕು. ಏಕೆ ಅಂತ ತಿಳಿಯಲು ಇನ್ನೊಂದು ಲೆಕ್ಕ. ನೇರ ತಂತಿಯ ಪ್ರತಿ ಮೀಟರ್‌ಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟನ್ಸ್, ಅಂದರೆ ಕರೆಂಟಿನ ದಿಢೀರ್ ಏರಿಳಿತವನ್ನು ತಡೆಯುವ ಗುಣ, ಇರುತ್ತದೆ. ಮಾಮೂಲಿ ಕರೆಂಟಿಗೆ ಅದು ಏನೂ ಅಲ್ಲ. ಆದರೆ ಸಿಡಿಲಿನ ಕರೆಂಟು ಒಂದು ಮೈಕ್ರೋಸೆಕೆಂಡಿನಲ್ಲಿ 10,000 ಆಂಪಿಯರ್ ಏರಿದರೆ, ಪ್ರತಿ ಮೀಟರ್ ತಂತಿಯ ಉದ್ದಕ್ಕೂ 10,000 ವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. 20 ಮೀಟರ್ ತಂತಿಗೆ 2,00,000 ವೋಲ್ಟ್. ತಂತಿ ಎಷ್ಟೇ ದಪ್ಪ ಇದ್ದರೂ ಇದು ಹೆಚ್ಚು ಬದಲಾಗುವುದಿಲ್ಲ. ಅದಕ್ಕೇ 2ನೇ ಹಂತದಲ್ಲಿ ಕೇಬಲ್ ಪ್ರವೇಶದ ಜಾಗದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

ತಿರುವು ಬೇಕಾದಲ್ಲಿ 20 ಸೆಂ.ಮೀ. ತ್ರಿಜ್ಯದ ದೊಡ್ಡ ಬಾಗು ಕೊಡಿ. ಚೂಪು ಮೂಲೆಯಲ್ಲಿ ಸಿಡಿಲು ತಂತಿ ಬಿಟ್ಟು ಪಕ್ಕಕ್ಕೆ ಹಾರಬಹುದು. ಉಳಿದ ತಂತಿಯನ್ನು ಸುರುಳಿ ಸುತ್ತಿ ನೇತುಹಾಕಲೇಬೇಡಿ, ಕತ್ತರಿಸಿ. ಗೋಡೆಗೆ ಕ್ಲಿಪ್ ಹಾಕಿ ಬಿಗಿಯಿರಿ. ಕೈಗೆ ಸಿಗುವ ಎತ್ತರದಲ್ಲಿ ಪ್ಲಾಸ್ಟಿಕ್ ಪೈಪಿನೊಳಗೆ ಇಳಿಸಿ. ಕಬ್ಬಿಣದ ಪೈಪು ಬಳಸಿದರೆ ಅದರ ಎರಡೂ ತುದಿಯನ್ನು ತಂತಿಗೆ ಸೇರಿಸಬೇಕು. ಇಲ್ಲದಿದ್ದರೆ ಪೈಪು ಸಿಡಿಲಿನ ಕರೆಂಟಿಗೆ ಅಡ್ಡಿಯಾಗುತ್ತದೆ.

ಹಂತ 6: ಕೇಬಲ್‌ನ ಅರ್ಥಿಂಗ್

ಕಂಬ ಅರ್ಥ್ ಆದರೂ ಕೇಬಲ್ ಆಗಿಲ್ಲದಿದ್ದರೆ ಸಿಡಿಲಿನ ಪಾಲು ಅದರ ಹೊರ ಹೆಣಿಗೆಯಲ್ಲಿ (ಸಿಪ್ಪೆಯ ಕೆಳಗಿನ ಲೋಹದ ಬಲೆಯಲ್ಲಿ) ನೇರ ಮನೆಯೊಳಗೆ ಬರುತ್ತದೆ. ಕೇಬಲ್ ಒಳಗೆ ಹೋಗುವ ಜಾಗಕ್ಕೆ ಸ್ವಲ್ಪ ಮೊದಲು, ಹೊರಗಡೆ, ಕೇಬಲ್ ಕತ್ತರಿಸಿ ಗ್ರೌಂಡ್ ಬ್ಲಾಕ್ ಹಾಕಿ. ಎರಡೂ ಬದಿಗೆ ಎಫ್ ಕನೆಕ್ಟರ್ (ಟಿವಿ ಕೇಬಲ್‌ಗೆ ತಿರುಗಿಸಿ ಬಿಗಿಯುವ ತುದಿ) ಬರುತ್ತದೆ. ಬ್ಲಾಕ್‌ನ ಸ್ಕ್ರೂಗೆ ಕನಿಷ್ಠ 4 ಸ್ಕ್ವೇರ್ ಎಂ.ಎಂ. ತಾಮ್ರ ಹಾಕಿ ಮನೆಯ ಅರ್ಥ್‌ಗೆ ಸೇರಿಸಿ. ಈ ತಂತಿ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು.

ಆದರೆ ಕನೆಕ್ಟರ್ ಕೈಯಲ್ಲಿ ಹಿಡಿಯುವ ಮೊದಲು ಅಳೆಯಿರಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಟಿವಿ ಕಡೆಯಿಂದ ಬಂದ ಕೇಬಲ್‌ನ ಹೊರ ಹೆಣಿಗೆಗೂ ಅರ್ಥ್‌ಗೂ ನಡುವೆ ನೋಡಿ. 230 ವೋಲ್ಟ್ ಸಪ್ಲೈನಲ್ಲಿ 100 ವೋಲ್ಟ್ ಆಸುಪಾಸು ತೋರಿಸಿದರೆ ಗಾಬರಿ ಬೇಡ. ಎರಡು ಪಿನ್ ಪ್ಲಗ್ಗಿನ ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳ ಒಳಗಿನ ಸಣ್ಣ ಕೆಪಾಸಿಟರ್‌ಗಳ ಮೂಲಕ ಬರುವ ವೋಲ್ಟೇಜ್ ಅದು. ಕರೆಂಟು ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ. ಕೇಬಲ್ ಮುಟ್ಟಿದಾಗ ಕೈ ಜುಮ್ ಅನ್ನುವುದು ಇದರಿಂದಲೇ. ಅಪಾಯ ಆ ಜುಮ್ ಅನ್ನುವುದರಲ್ಲಿಲ್ಲ, ಬೆಚ್ಚಿ ಏಣಿಯಿಂದ ಬೀಳುವುದರಲ್ಲಿದೆ. ಅದಕ್ಕೆ ಕೆಲಸ ಮುಗಿಯುವವರೆಗೆ ಆ ಕೇಬಲ್‌ಗೆ ಸೇರಿದ ಎಲ್ಲ ಉಪಕರಣಗಳ ಪ್ಲಗ್ ಕಿತ್ತಿಡಿ. ಪ್ಲಗ್ ಕಿತ್ತ ಮೇಲೂ ವೋಲ್ಟೇಜ್ ಉಳಿದರೆ, ಅಥವಾ ಅರ್ಥ್ ಜೋಡಿಸಿದ ಕೂಡಲೇ ಆರ್‌ಸಿಸಿಬಿ (ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್) ಟ್ರಿಪ್ ಆದರೆ, ಎಲ್ಲೋ ನಿಜವಾದ ಸೋರಿಕೆ ಇದೆ. ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಗ್ರೌಂಡ್ ಬ್ಲಾಕ್ ಹೊರ ಹೆಣಿಗೆಯನ್ನು ಮಾತ್ರ ಅರ್ಥ್ ಮಾಡುತ್ತದೆ. ನಡುವಿನ ತಂತಿ ಹಾಗೇ ಉಳಿಯುತ್ತದೆ. ಅದಕ್ಕೆ ಸರ್ಜ್ ಅರೆಸ್ಟರ್ ಬೇಕು. ಅದರೊಳಗಿನ ಗ್ಯಾಸ್ ಟ್ಯೂಬ್ ಮಾಮೂಲಿ ಸಿಗ್ನಲ್‌ಗೆ ಏನೂ ಮಾಡುವುದಿಲ್ಲ. ವೋಲ್ಟೇಜ್ ನಿಗದಿತ ಮಟ್ಟ ದಾಟಿದರೆ ನಡುವಿನ ತಂತಿಯನ್ನು ಅರ್ಥ್‌ಗೆ ಕೂಡಿಸುತ್ತದೆ. ಟಿವಿಗೆ 75 ಓಮಿನದೇ ಕೊಳ್ಳಿ. ಡಿಶ್‌ನ ಎದುರು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಇದೇ ಕೇಬಲ್‌ನಲ್ಲಿ 13 ಅಥವಾ 18 ವೋಲ್ಟ್ ಡಿಸಿ ಹೋಗುತ್ತದೆ, ಕಂಬದ ಬೂಸ್ಟರ್‌ಗೂ ಹಾಗೆಯೇ. ಹಾಗಿದ್ದರೆ ಡಿಸಿ ಹಾಯಿಸುವ ಅರೆಸ್ಟರ್ ಕೇಳಿ ತನ್ನಿ. ಇಲ್ಲದಿದ್ದರೆ ಸಿಗ್ನಲ್ ನಿಂತುಹೋಗುತ್ತದೆ. ಹ್ಯಾಮ್ ರೇಡಿಯೊದವರಿಗೆ 50 ಓಮಿನದು, ಅವರ ಟ್ರಾನ್ಸ್‌ಮಿಟರ್ ಶಕ್ತಿ ತಡೆಯುವಂಥದ್ದು ಬೇಕು.

ಕೇಬಲ್ ಗೋಡೆಗೆ ನುಗ್ಗುವ ಮೊದಲು ಕೆಳಕ್ಕೆ ಒಂದು ಬಾಗು ಬಿಡಿ. ಮಳೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಕನೆಕ್ಟರ್‌ಗಳಿಗೆ ರಬ್ಬರ್ ಟೇಪ್ ಎಳೆದೆಳೆದು ಸುತ್ತಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಹಚ್ಚಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಹಂತ 7: ಅಳೆದು ನೋಡುವುದು

ಎರಡು ಬೇರೆ ಬೇರೆ ಅಳತೆಗಳಿವೆ, ಬೆರೆಸಬೇಡಿ. ಒಂದು, ಕಂಬದಿಂದ ಮನೆಯ ಅರ್ಥ್‌ವರೆಗೆ ತಂತಿ ಸರಿಯಾಗಿ ಸೇರಿದೆಯೇ ಎಂಬುದು. ಉದ್ದದ ವೈರ್ ಜೋಡಿಸಿಕೊಂಡು ಮಲ್ಟಿಮೀಟರ್‌ನಲ್ಲಿ ನೋಡಬಹುದು. ಜೋಡಿಸಿದ ವೈರಿನ ಪ್ರತಿರೋಧ ಕಳೆದ ಮೇಲೆ 1 ಓಮ್‌ಗಿಂತ ಕಡಿಮೆ ಬರಬೇಕು.

ಇನ್ನೊಂದು, ರಾಡ್‌ಗೂ ಮಣ್ಣಿಗೂ ನಡುವಿನ ಪ್ರತಿರೋಧ. ಇದನ್ನು ಮಲ್ಟಿಮೀಟರ್ ಅಳೆಯಲಾರದು. ಬಲ್ಬ್ ಹಚ್ಚಿ ನೋಡುವುದೂ ಸರಿಯಲ್ಲ. 100 ವ್ಯಾಟ್ ಬಲ್ಬನ್ನು ಫೇಸ್ ಮತ್ತು ಅರ್ಥ್ ನಡುವೆ ಹಚ್ಚಿದರೆ ಅದು ಎಳೆಯುವುದು 0.4 ಆಂಪಿಯರ್ ಅಷ್ಟೇ. ನಿಮ್ಮ ಅರ್ಥ್ 50 ಓಮ್ ಇದ್ದರೂ ಅಲ್ಲಿ ನಷ್ಟವಾಗುವುದು ಸುಮಾರು 20 ವೋಲ್ಟ್. ಬಲ್ಬ್ ಜೋರಾಗಿಯೇ ಉರಿಯುತ್ತದೆ. ಅರ್ಥ್ ತಂತಿ ಎಲ್ಲೋ ಕಡಿದಿದ್ದರೆ ಆ ಹೊತ್ತಿನಲ್ಲಿ ಮನೆಯ ಫ್ರಿಜ್, ಗೀಸರ್ ಮೈಯೆಲ್ಲ ಲೈವ್ ಆಗುತ್ತದೆ. ಈ ಪರೀಕ್ಷೆ ಮಾಡಲೇಬೇಡಿ.

ಸರಿಯಾದ ವಿಧಾನ ಅರ್ಥ್ ಟೆಸ್ಟರ್. ರಾಡ್‌ನಿಂದ ಒಂದು ಗೂಟ 30 ಮೀಟರ್ ದೂರದಲ್ಲಿ, ಇನ್ನೊಂದು ಅದರ ಶೇ. 62ರಷ್ಟು ದೂರದಲ್ಲಿ, ಅಂದರೆ 18.6 ಮೀಟರ್‌ನಲ್ಲಿ ನೆಡುತ್ತಾರೆ. ಅಳೆಯುವಾಗ ರಾಡನ್ನು ಮನೆಯ ಅರ್ಥ್‌ನಿಂದ ಬಿಡಿಸಿರಬೇಕು, ಆಮೇಲೆ ಮರೆಯದೆ ಮತ್ತೆ ಸೇರಿಸಬೇಕು. ನಡುವಿನ ಗೂಟವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೂ ಅಂಕಿ ಹೆಚ್ಚು ಬದಲಾಗದಿದ್ದರೆ ಅಳತೆ ನಂಬಬಹುದು. ಟೆಸ್ಟರ್ ಎಲೆಕ್ಟ್ರಿಷಿಯನ್ ಬಳಿ ಇರುತ್ತದೆ. ಬೇಸಿಗೆಯಲ್ಲಿ ಅಳೆಸಿ, ಮಣ್ಣು ಒಣಗಿದಾಗ ಬರುವ ಅಂಕಿಯೇ ನಿಜವಾದದ್ದು. ಎನ್‌ಇಸಿ ಪ್ರಕಾರ ಒಂದು ರಾಡ್ 25 ಓಮ್‌ಗಿಂತ ಜಾಸ್ತಿ ತೋರಿಸಿದರೆ ಎರಡನೆಯ ರಾಡ್ ಸೇರಿಸಬೇಕು.

ಕೆಲವು ಬೇರೆ ಸಂದರ್ಭಗಳು

ಆಂಟೆನಾ ಮಾಳಿಗೆಯ ಅಂಚಿನಿಂದ 2 ಮೀಟರ್‌ಗಿಂತ ಕೆಳಗಿದ್ದು, ಗೋಡೆಯಿಂದ 1.5 ಮೀಟರ್‌ಗಿಂತ ಕಡಿಮೆ ಹೊರಚಾಚಿದ್ದರೆ ಐಇಸಿ ಅದಕ್ಕೆ ಅರ್ಥಿಂಗ್ ಕಡ್ಡಾಯ ಮಾಡುವುದಿಲ್ಲ. ಕೇಬಲ್‌ನ ಹೊರ ಹೆಣಿಗೆಯನ್ನು ಮಾತ್ರ ಆಗಲೂ ಮನೆಯ ಅರ್ಥ್‌ಗೆ ಸೇರಿಸಿ.

ಕಟ್ಟಡಕ್ಕೆ ಮೊದಲೇ ಮಿಂಚುನಿರೋಧಕ ಇದ್ದರೆ ಕಂಬವನ್ನು ಸುಮ್ನೆ ಅದರ ಪಟ್ಟಿಗೆ ಕಟ್ಟಿಬಿಡಬೇಡಿ. ಕಂಬವನ್ನು ಅದಕ್ಕೆ ಸೇರಿಸಬೇಕೋ, ಅದರ ರಕ್ಷಣೆಯೊಳಗೆ ಅಂತರ ಬಿಟ್ಟು ನಿಲ್ಲಿಸಬೇಕೋ ಎಂಬುದು ಕಟ್ಟಡದಿಂದ ಕಟ್ಟಡಕ್ಕೆ ಬದಲಾಗುತ್ತದೆ. ಅದನ್ನು ಹಾಕಿದವರ ಹತ್ತಿರ ಕೇಳಿ. ಅಪಾರ್ಟ್‌ಮೆಂಟ್‌ನಲ್ಲೂ ಹಾಗೆಯೇ. ಎತ್ತರದ ಕಟ್ಟಡದ ಮೇಲಿಂದ ಒಂಟಿ ತಂತಿ ಇಳಿಸುವುದು ಒಬ್ಬ ಮನೆಯವರು ಮಾಡುವ ಕೆಲಸ ಅಲ್ಲ.

ಮಾಡಿದ ಮೇಲೆ

ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಎಲ್ಲ ಕ್ಲಾಂಪ್‌ಗಳನ್ನು ನೋಡಿ. ಹಸಿರು ಕಿಲುಬು, ಬಿಳಿ ಪುಡಿ ಕಂಡರೆ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ಮನೆಗೆ ಬಣ್ಣ ಹೊಡೆಸಿದ ಮೇಲೂ ಒಮ್ಮೆ ನೋಡಿ. ಬಣ್ಣದವರು ತಂತಿ ಕಿತ್ತು ಬದಿಗಿಟ್ಟು ಹೋಗಿರುವುದು ಉಂಟು.

ಮೋಡ ಕವಿದಾಗ, ಗುಡುಗು ಶುರುವಾಗುವ ಮೊದಲೇ ಟಿವಿಯ ಪ್ಲಗ್ಗನ್ನೂ ಆಂಟೆನಾ ಕೇಬಲನ್ನೂ ಎರಡನ್ನೂ ತೆಗೆಯಿರಿ. ಒಂದನ್ನು ಮಾತ್ರ ತೆಗೆದರೆ ಪೂರ್ತಿ ಪ್ರಯೋಜನ ಇಲ್ಲ. ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟಬೇಡಿ, ಆಗ ಬಿಚ್ಚಲು ಹೋಗುವುದೇ ಅಪಾಯ.

ಹತ್ತಿರದಲ್ಲೇ ಸಿಡಿಲು ಬಿದ್ದರೆ, ಟಿವಿ ನಡೆಯುತ್ತಿದ್ದರೂ ಅರೆಸ್ಟರ್ ತೆಗೆದು ನೋಡಿ. ಹೊಡೆತ ತಿಂದ ಗ್ಯಾಸ್ ಟ್ಯೂಬ್ ಕೆಲವೊಮ್ಮೆ ಶಾರ್ಟ್ ಆಗಿ ಸಿಗ್ನಲ್ ನಿಲ್ಲುತ್ತದೆ, ಅದು ಗೊತ್ತಾಗುತ್ತದೆ. ಕೆಲವೊಮ್ಮೆ ತೆರೆದುಕೊಂಡೇ ಸತ್ತಿರುತ್ತದೆ. ಚಿತ್ರ ಚೆನ್ನಾಗಿ ಬರುತ್ತಿರುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಟ್ಯೂಬ್ ಬದಲಿಸಬಹುದಾದ ಅರೆಸ್ಟರ್ ಆದರೆ ಟ್ಯೂಬ್ ಹೊಸದು ಹಾಕಿ, ಇಲ್ಲದಿದ್ದರೆ ಅರೆಸ್ಟರನ್ನೇ ಬದಲಿಸಿ.